ಮರಳು-ನೀರಿನ ಮೇಜು: ಟೆರೇಸಿನಲ್ಲಿ 7 ತಿಂಗಳು ಬಳಸಿದ ಮೇಲೆ

ಇದನ್ನು ಕೊಳ್ಳೋ ಯೋಚನೆ ಬಂದದ್ದು ತಲಕಾಡಿನಲ್ಲಿ. ಡಿಸೆಂಬರ್ ರಜಕ್ಕೆ ಮನೆಯವರೆಲ್ಲ ಹೋಗಿದ್ದೆವು. ಎರಡೂವರೆ ವರ್ಷದ ಮಗಳು ವೈದ್ಯೇಶ್ವರನ ಗುಡಿಯಿಂದ ಹೊರಟು ಮರಳಿನ ದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟು ಕೂತುಬಿಟ್ಟಳು. ಅಜ್ಜಿ ಕರೆದರು, ಅವರಪ್ಪ ಐಸ್‌ಕ್ರೀಂ ಆಸೆ ತೋರಿಸಿದರು, ಊಹೂಂ. ಮುಷ್ಟಿ ತುಂಬ ಮರಳು ಎತ್ತೋದು, ಬೆರಳ ಸಂದಿಯಿಂದ ಸುರಿಯೋದು, ಮತ್ತೆ ಎತ್ತೋದು. ಒಂದು ಗಂಟೆ ಇದೇ ಕೆಲಸ. ತಲಕಾಡು ಮರಳಾಗಲಿ ಅಂತ ಅಲಮೇಲಮ್ಮ ಹಾಕಿದ್ದು ಬೇರೆಯವರಿಗೆ ಶಾಪ ಇರಬಹುದು, ನಮ್ಮ ಹುಡುಗಿಗೆ ಅದು ವರ.

ಬೆಂಗಳೂರಿಗೆ ಬಂದ ಮೇಲೆ ಪ್ರಶ್ನೆ ಶುರುವಾಯಿತು. ಇಲ್ಲಿ ಮರಳು ಎಲ್ಲಿದೆ? ನಾವು ಚಿಕ್ಕವರಿದ್ದಾಗ ಬೀದಿಗೊಂದು ಮನೆ ಕಟ್ಟುತ್ತಿದ್ದರು, ಲಾರಿಯಲ್ಲಿ ಹೊಳೆ ಮರಳು ತಂದು ಸುರಿಯುತ್ತಿದ್ದರು, ಅದರಲ್ಲಿ ಕಾಲು ತೂರಿಸಿ ಗುಬ್ಬಚ್ಚಿ ಗೂಡು ಕಟ್ಟಿ, ಕಪ್ಪೆಚಿಪ್ಪು ಆರಿಸಿ, ಮೇಸ್ತ್ರಿ ಹತ್ತಿರ ಬೈಸಿಕೊಂಡು ಬರುತ್ತಿದ್ದೆವು. ಈಗ ಎಲ್ಲಾ ಕಡೆ ಎಂ-ಸ್ಯಾಂಡ್. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಜಾರುಬಂಡೆ ಕೆಳಗೂ ರಬ್ಬರ್ ಮ್ಯಾಟ್ ಹಾಸಿದ್ದಾರೆ. ಹಾಗಾಗಿ ಜನವರಿಯಲ್ಲಿ ಆನ್‌ಲೈನಿನಲ್ಲಿ 4,200 ರೂಪಾಯಿ ಕೊಟ್ಟು ಈ ಮೇಜು ತರಿಸಿದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಮೇಜು ನಾಲ್ಕಾರು ಹೆಸರಲ್ಲಿ ಸಿಗುತ್ತದೆ, ಬಣ್ಣ ಮಾತ್ರ ಬೇರೆ.

ಏನೇನು ಬರುತ್ತೆ ಅಂದರೆ, ನಾಲ್ಕು ಕಾಲಿನ ಪ್ಲಾಸ್ಟಿಕ್ ಮೇಜು, ಅದರಲ್ಲಿ ಪಕ್ಕಪಕ್ಕ ಎರಡು ತೊಟ್ಟಿ, ಒಂದು ಮರಳಿಗೆ, ಒಂದು ನೀರಿಗೆ. ಎರಡಕ್ಕೂ ತಳದಲ್ಲಿ ತೂತು, ತೂತಿಗೆ ಬಿರಡೆ. ನೀರು ಸುರಿದರೆ ತಿರುಗುವ ಚಕ್ರ, ಪುಟ್ಟ ಬಕೆಟ್, ಸಲಿಕೆ, ಜರಡಿ, ಮರಳಿನ ಕಡೆಗೆ ಒಂದು ಮುಚ್ಚಳ. ಜೋಡಿಸಲು ಅರ್ಧ ಗಂಟೆ ಸಾಕು. ಎತ್ತರ ನನ್ನ ಮಂಡಿಗಿಂತ ಸ್ವಲ್ಪ ಕೆಳಗೆ, ಎರಡೂವರೆ ವರ್ಷದ ಮಗು ನಿಂತು ಆಡಲು ಸರಿಯಾಗಿದೆ. ಐದು ವರ್ಷದ ಅಕ್ಕನ ಮಗ ಬಂದಾಗ ಬಗ್ಗಿ ಬಗ್ಗಿ ಸುಸ್ತಾಗಿ ನೆಲದಲ್ಲೇ ಕೂತು ಆಡಿದ.

ಮೊದಲ ತಕರಾರು ತೂಕದ್ದು. ಡಬ್ಬದ ಮೇಲಿನ ಫೋಟೋದಲ್ಲಿ ತೊಟ್ಟಿ ತುಂಬ ಮರಳು. ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ, 9 ಕೆಜಿಗಿಂತ ಜಾಸ್ತಿ ಹಾಕಬೇಡಿ ಅಂತ. ಒಣ ಮರಳೇ ಲೀಟರಿಗೆ ಸುಮಾರು ಒಂದೂವರೆ ಕೆಜಿ ತೂಗುತ್ತೆ, ಅಂದರೆ 9 ಕೆಜಿ ಅಂದ್ರೆ ಆರು ಲೀಟರ್, ತೊಟ್ಟಿಯ ತಳ ಮುಚ್ಚಿ ನಾಲ್ಕು ಬೆರಳು ಎತ್ತರ ಬಂದರೆ ಹೆಚ್ಚು. ಅದು ಒದ್ದೆಯಾದರೆ ಇನ್ನೂ ಭಾರ. ನಾನು ಬುದ್ಧಿವಂತಿಕೆ ಮಾಡಿ 14 ಕೆಜಿ ತುಂಬಿದೆ. ಎರಡನೇ ವಾರಕ್ಕೆ ಮೇಜಿನ ಹೊಟ್ಟೆ ಜೋತುಬಿತ್ತು. ಈಗ ಕೆಳಗೆ ಎರಡು ಇಟ್ಟಿಗೆ ಆನಿಸಿದ್ದೇನೆ.

ಮೇಜಿಗಿಂತ ತಲೆ ತಿಂದದ್ದು ಮರಳು. ಜಿಪುಣತನ ಮಾಡಿ ಮೊದಲು ಎದುರಿನ ಕಟ್ಟಡದವರ ಹತ್ತಿರ ಒಂದು ಬಾಂಡ್ಲಿ ಎಂ-ಸ್ಯಾಂಡ್ ಕೇಳಿ ತಂದೆ. ದಯವಿಟ್ಟು ಇದನ್ನು ಮಾಡಬೇಡಿ. ಅದು ಬಂಡೆ ಪುಡಿ ಮಾಡಿ ತೆಗೆದ ಮರಳು, ಕಾಳು ಚೂಪಾಗಿರುತ್ತೆ, ಹೊಳೆಯಲ್ಲಿ ಉರುಳಿ ನುಣುಪಾದ ಮರಳಿನ ಹಾಗಲ್ಲ. ಮಗಳ ಮೊಣಕೈ ತರಚಿ ಕೆಂಪಗಾಯಿತು. ಅದಕ್ಕಿಂತ ಕೆಟ್ಟದ್ದು ಧೂಳು. ಒಣಗಿದಾಗ ಒಂದು ಸಲಿಕೆ ಎತ್ತಿ ಸುರಿದರೆ ಬೂದಿ ಎದ್ದ ಹಾಗೆ ಏಳುತ್ತೆ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಅಂತ ಹೇಳಬೇಕಾಗಿಲ್ಲ ಅಲ್ವಾ. ಅವತ್ತೇ ವಾಪಸ್ ಕೊಟ್ಟುಬಂದೆ. ಆಮೇಲೆ ಮಕ್ಕಳ ಆಟಕ್ಕೆಂದೇ ಮಾರುವ ಮರಳು ತರಿಸಿದೆ, 10 ಕೆಜಿಯ ಎರಡು ಚೀಲ, ಚೀಲಕ್ಕೆ 650 ರೂಪಾಯಿ. ಮರಳಿಗೆ ದುಡ್ಡು ಕೊಟ್ಟೆ ಅಂದರೆ ನಮ್ಮ ಮಾವ ಇನ್ನೂ ನಗುತ್ತಾರೆ. ತೊಳೆದದ್ದು ಅಂತ ಚೀಲದ ಮೇಲೆ ಬರೆದಿದ್ದರೂ ಒಂದು ಬಕೆಟ್‌ಗೆ ಹಾಕಿ ಅಕ್ಕಿ ತೊಳೆಯೋ ಹಾಗೆ ಕಲಕಿ ಬಸಿದು ನೋಡಿ. ನನಗೆ ನೀರು ತಿಳಿಯಾಗಲು ಐದು ಸಲ ಬೇಕಾಯಿತು. ಹಳೆ ಬೆಡ್‌ಶೀಟ್ ಮೇಲೆ ಹರಡಿ ಒಂದು ದಿನ ಬಿಸಿಲಿಗಿಟ್ಟೆ.

ಇನ್ನು ಆಟದ ವಿಷಯ. ಮೇಜು ಮಾಡಿದವರು ಮರಳು ಒಂದು ಕಡೆ, ನೀರು ಒಂದು ಕಡೆ ಅಂತ ನಡುವೆ ಗೋಡೆ ಹಾಕಿದ್ದಾರೆ. ಪಾಪ, ಅವರ ಮನೆಯಲ್ಲಿ ಮಕ್ಕಳಿಲ್ಲವೇನೋ. ಮೊದಲ ದಿನ, ಮೊದಲ ಹತ್ತು ನಿಮಿಷಕ್ಕೆ ಆ ಗೋಡೆಯ ಕಥೆ ಮುಗಿಯಿತು. ನೀರಿನ ಕಡೆ ಮರಳು, ಮರಳಿನ ಕಡೆ ಕೆಸರು. ಎರಡು ವಾರ ನಾನು ಬೇರೆ ಬೇರೆ ಮಾಡುತ್ತಲೇ ಇದ್ದೆ, ಆಮೇಲೆ ಕೈಬಿಟ್ಟೆ. ಅವಳಿಗೆ ಬೇಕಿರೋದೇ ಆ ಕಲಸಾಟ. ಒಣ ಮರಳು ನಿಲ್ಲಲ್ಲ, ನೀರು ಜಾಸ್ತಿಯಾದರೆ ಗಂಜಿಯಾಗಿ ಹರಿದುಹೋಗುತ್ತೆ, ಎಂಟು ಲೋಟ ಮರಳಿಗೆ ಒಂದು ಲೋಟ ನೀರು ಹಾಕಿದರೆ ಗಟ್ಟಿಯಾಗಿ ಕೂರುತ್ತೆ. ಇದನ್ನು ನಾನು ಹೇಳಿಕೊಡಲಿಲ್ಲ. ಒಂದು ದಿನ ಅವಳೇ ಚೊಂಬಿನಿಂದ ಸ್ವಲ್ಪ ಸ್ವಲ್ಪ ಸುರಿದು, ಕೈಯಲ್ಲಿ ಒತ್ತಿ ನೋಡಿ, ಮತ್ತೆ ಒಂದು ಚಿಟಿಕೆ ಮರಳು ಸೇರಿಸಿ, ಥೇಟ್ ಅವರಜ್ಜಿ ರೊಟ್ಟಿ ಹಿಟ್ಟು ಕಲಸೋ ಹಾಗೆ ಹದ ಮಾಡಿದಳು. ಅಂಗೈಯಲ್ಲಿ ಉಂಡೆ ಕಟ್ಟಿ "ಅಮ್ಮಾ, ಮುದ್ದೆ. ಅಗೀಬೇಡ, ನುಂಗು" ಅಂದಳು.

ಜೊತೆಗೆ ಬಂದ ಸಾಮಾನುಗಳಲ್ಲಿ ಚಕ್ರ ಒಂದೇ ಚೆನ್ನಾಗಿದೆ. ಅದೂ ಮರಳು ಸಿಕ್ಕಿಕೊಂಡರೆ ನಿಂತುಬಿಡುತ್ತೆ, ನಲ್ಲಿ ಕೆಳಗೆ ಹಿಡಿದರೆ ಮತ್ತೆ ತಿರುಗುತ್ತೆ. ಜರಡಿಯ ತೂತು ಎಷ್ಟು ದೊಡ್ಡದೆಂದರೆ ಅದರಲ್ಲಿ ಕಡಲೆಕಾಳು ಜರಡಿ ಹಿಡಿಯಬಹುದು. ಸಲಿಕೆಯ ಹಿಡಿ ಮಾರ್ಚಿಗೇ ಮುರಿಯಿತು. ಈಗ ತೊಟ್ಟಿಯಲ್ಲಿರೋದು ಹಳೆ ಟೀ ಜಾಲರಿ, ಎಣ್ಣೆ ಬಸಿಯೋ ಲಾಳಿಕೆ, ಎರಡು ತೆಂಗಿನ ಕರಟ, ಮತ್ತೆ ಅಜ್ಜಿ ಮನೆಯಿಂದ ತಂದ ಹಳೇ ಇಡ್ಲಿ ತಟ್ಟೆ. ಇಡ್ಲಿ ತಟ್ಟೆಗೆ ಹದವಾದ ಮರಳು ಒತ್ತಿ ಬೋರಲು ಹಾಕಿದರೆ ನಾಲ್ಕು ಇಡ್ಲಿ ಒಂದೇ ಏಟಿಗೆ ಬೀಳುತ್ತೆ. ಅಂಗಡಿಯ ಯಾವ ಅಚ್ಚಿನಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ.

ಮುಚ್ಚಳದ್ದು ದೊಡ್ಡ ಬೇಜಾರು. ಸುಮ್ನೆ ಮೇಲೆ ಇಡೋದಷ್ಟೇ, ಹಿಡಿದುಕೊಳ್ಳಲು ಕೊಕ್ಕೆ ಇಲ್ಲ. ಆಷಾಢದ ಗಾಳಿಗೆ ಹಾರಿ ಪಕ್ಕದ ಮನೆಯ ಸಿಂಟೆಕ್ಸ್ ಮೇಲೆ ಕೂತಿತ್ತು. ಒಂದು ರಾತ್ರಿ ತೆರೆದಿದ್ದಕ್ಕೆ ಬೀದಿ ಬೆಕ್ಕು ಬಂದು ತನ್ನ ಕೆಲಸ ಮುಗಿಸಿ, ನೀಟಾಗಿ ಮುಚ್ಚಿಟ್ಟು ಹೋಗಿತ್ತು. ಬೆಕ್ಕಿನ ಹೇಲಿನಿಂದ ಕಾಯಿಲೆ ಬರುತ್ತೆ, ಮಕ್ಕಳು ಕೈ ಬಾಯಿಗೆ ಇಡೋದು ತಪ್ಪಿಸಲಾಗಲ್ಲ, ಹಾಗಾಗಿ ಅಷ್ಟೂ ಮರಳು ಬಿಸಾಡಿದೆ. ಸುಮಾರು ಒಂಬೈನೂರು ರೂಪಾಯಿಯ ಬೆಕ್ಕು. ಅವತ್ತಿನಿಂದ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಸುತ್ತಿ ಬಿಗಿದಿಡುತ್ತೇನೆ.

ನೀರಿನ ಕಡೆಯ ಬಿರಡೆ ಮೊದಲ ತಿಂಗಳೇ ಸೋರಲು ಶುರು. ಕಂಪನಿಗೆ ಬರೆದೆ, ಹತ್ತು ದಿನಕ್ಕೆ ಪಾರ್ಸೆಲ್ ಬಂತು, ಬಿಚ್ಚಿದರೆ ಇನ್ನೊಂದು ಜರಡಿ! ಮತ್ತೆ ಬರೆಯುವ ತಾಳ್ಮೆ ಇರಲಿಲ್ಲ. ಪ್ಲಂಬರ್ ಬಳಸುವ ಬಿಳಿ ಟೇಪ್ ಸುತ್ತಿದ್ದೇನೆ, ನಡೆಯುತ್ತಿದೆ. ಆಟ ಮುಗಿದ ತಕ್ಷಣ ನೀರು ಖಾಲಿ ಮಾಡಲೇಬೇಕು. ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ಇಷ್ಟ, ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ತೊಟ್ಟಿಯ ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ಸಾಯಲ್ಲ, ಅದಕ್ಕೇ ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜುತ್ತೇನೆ. ನೀರು ದಂಡ ಅಂತ ಕೇಳುವವರಿಗೆ: ನಾವು ಹಾಕೋದು ಅರ್ಧ ಬಕೆಟ್, ಮರಳು ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರು ತುಳಸಿಗೂ ದೊಡ್ಡಪತ್ರೆಗೂ ಹೋಗುತ್ತೆ. 2024ರ ಬೇಸಿಗೆಯಂತೆ ಟ್ಯಾಂಕರ್‌ಗೆ ಕ್ಯೂ ನಿಲ್ಲೋ ಸ್ಥಿತಿ ಬಂದರೆ ಬರೀ ಮರಳಾಟ. ಎಷ್ಟೇ ಕಡಿಮೆ ನೀರಿರಲಿ, ಮಗುವನ್ನು ಬಿಟ್ಟು ಕೆಳಗೆ ಹಾಲುಕ್ಕಿತು ಅಂತ ಓಡಬೇಡಿ, ಉಕ್ಕಲಿ ಬಿಡಿ. ಗೇಣುದ್ದ ನೀರು ಕೂಡ ಈ ವಯಸ್ಸಿಗೆ ಅಪಾಯ.

ಹೊತ್ತೂ ಮುಖ್ಯ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಪ್ಲಾಸ್ಟಿಕ್ ಅಂಚು ಮುಟ್ಟಲಾಗದಷ್ಟು ಸುಡುತ್ತಿತ್ತು. ಸಂಜೆ ಐದರ ಮೇಲೆ ಸರಿ. ಕೆಂಪು ಬಣ್ಣ ಈಗಾಗಲೇ ಗುಲಾಬಿಯಾಗಿದೆ.

ಕೊಳ್ಳಬೇಕಾ? ಇಬ್ಬರು ಮಕ್ಕಳಿದ್ದು, ಟೆರೇಸೋ ಅಂಗಳವೋ ಇದ್ದರೆ 3,000ದ ಒಳಗೆ ಸಿಕ್ಕರೆ ಕೊಳ್ಳಿ, 4,200 ಜಾಸ್ತಿಯಾಯಿತು. ಬಾಲ್ಕನಿ ಮಾತ್ರ ಇದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆ ಕಲಸೋ ಪ್ಲಾಸ್ಟಿಕ್ ಬಾಂಡ್ಲಿ ಎರಡು ತನ್ನಿ, ಉಳಿದ ದುಡ್ಡನ್ನು ಒಳ್ಳೆ ಮರಳಿಗೆ ಹಾಕಿ. ಬಾಡಿಗೆ ಮನೆಯವರು ಕೆಳಗೆ ಟಾರ್ಪಾಲು ಹಾಸೋದು ಮರೆಯಬೇಡಿ. ನಾನು ಹಾಸಿರಲಿಲ್ಲ. ಜೂನ್‌ನ ಮೊದಲ ಜೋರು ಮಳೆಗೆ ಮಳೆನೀರಿನ ಪೈಪ್ ಕಟ್ಟಿಕೊಂಡು ಟೆರೇಸು ಕೆರೆಯಾಯಿತು, ಓನರ್ ಆಂಟಿ ಮಳೆಕೊಯ್ಲಿನ ಫಿಲ್ಟರ್ ಬಿಚ್ಚಿಸಿ ಅದರಿಂದ ತೆಗೆದ ಮರಳನ್ನು ಒಂದು ಡಬ್ಬಕ್ಕೆ ತುಂಬಿ ನಮ್ಮ ಬಾಗಿಲ ಮುಂದೆ ಇಟ್ಟು ಹೋಗಿದ್ದರು. ತೊಳೆದು ಮತ್ತೆ ತೊಟ್ಟಿಗೇ ಹಾಕಿದೆ, 650 ರೂಪಾಯಿ ಮರಳು ಅದು.