ಯೆಲ್ಲೋ ಫೀವರ್ ಕಾರ್ಡ್ ‘ನಾವೇ ಮಾಡಿಸಿಕೊಡ್ತೀವಿ’ ಅನ್ನುವ ಏಜೆಂಟರ ಬಗ್ಗೆ ಎಚ್ಚರ

ಕೀನ್ಯಾ, ಉಗಾಂಡಾ, ಇಥಿಯೋಪಿಯಾ ಕಡೆ ಹೊರಟವರು ದಯವಿಟ್ಟು ಇದನ್ನು ಓದಿ. ಯೆಲ್ಲೋ ಫೀವರ್ (ಹಳದಿ ಜ್ವರ) ಸೊಳ್ಳೆಯಿಂದ ಹರಡುವ ವೈರಸ್ ಕಾಯಿಲೆ. ಅದರ ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಪುರಾವೆಯೇ ಈ ಕಾರ್ಡು, ಆ ಕಡೆಯಿಂದ ವಾಪಸ್ ಬರುವಾಗ ಇಲ್ಲಿ ತೋರಿಸಬೇಕು. ವಯಸ್ಸಾದವರನ್ನು ಜೊತೆಗೆ ಕರೆದೊಯ್ಯುವವರಂತೂ ಓದಲೇಬೇಕು.

ಮಸಾಯಿ ಮಾರಾ ನೋಡಿಕೊಂಡು ನೈರೋಬಿಯಿಂದ ವಾಪಸಾದ ನಮ್ಮ ಅತ್ತೆಯವರನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಕಳಿಸಿದರು. ನನ್ನದೂ ಯಜಮಾನರದೂ ಹಳೇ ಕಾರ್ಡು, ಹಿಂದೆ ಕಂಪಾಲಕ್ಕೆ ಕೆಲಸಕ್ಕೆ ಹೋಗುವಾಗ ಸರ್ಕಾರಿ ಕೇಂದ್ರದಲ್ಲಿ ಮಾಡಿಸಿದ್ದು. 2016ರ ಜುಲೈನಿಂದ ಈ ಕಾರ್ಡು ಜೀವನಪೂರ್ತಿ ನಡೆಯುತ್ತದೆ, ಹಾಗಾಗಿ ನಮ್ಮನ್ನು ಬಿಟ್ಟರು. ಅತ್ತೆಯವರದನ್ನು ಮಾತ್ರ ಟೂರ್ ಏಜೆಂಟ್ ಮಾಡಿಸಿದ್ದ.

“ಸರ್ಕಾರಿ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ ಅಮ್ಮಾ, ನಮ್ಮ ಡಾಕ್ಟರ್ ಇದ್ದಾರೆ” ಅಂತ ಒಂದು ಖಾಸಗಿ ಕ್ಲಿನಿಕ್ಕಿಗೆ ಕಳಿಸಿದ, ದುಡ್ಡು ಪ್ಯಾಕೇಜಿನಲ್ಲೇ ಸೇರಿತ್ತು. ಅಲ್ಲಿ ಒಳಗಿನ ಕೋಣೆಯಿಂದ ತುಂಬಿಟ್ಟ ಸಿರಿಂಜ್ ತಂದು ಚುಚ್ಚಿದರು. ಮೊಟ್ಟೆ ಅಲರ್ಜಿ ಇದೆಯಾ, ಯಾವ ಮಾತ್ರೆ ತಗೋತೀರಿ, ವಯಸ್ಸೆಷ್ಟು, ಒಂದನ್ನೂ ಕೇಳಲಿಲ್ಲ. ಇದು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿದ, ಶಕ್ತಿ ಕುಂದಿಸಿದ ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರಿಗೆ ಮೊದಲ ಸಲ ಕೊಟ್ಟಾಗ ಅಪರೂಪಕ್ಕಾದರೂ ಗಂಭೀರ ತೊಂದರೆ ಆಗುವುದುಂಟು, ಆದ್ದರಿಂದ ವೈದ್ಯರು ಎಲ್ಲ ವಿಚಾರಿಸಿಯೇ ಕೊಡಬೇಕು. ಅವತ್ತು ಅತ್ತೆಯವರ ಮೈಯೊಳಗೆ ಹೋಗಿದ್ದು ನಿಜವಾಗಿ ಏನು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ನನಗೆ ಅತಿ ಹೆಚ್ಚು ಸಿಟ್ಟು ಇರುವುದು ಇದಕ್ಕೇ.

ಹೋಗುವಾಗ ಚೆಕ್-ಇನ್‌ನಲ್ಲಿ ಕಾರ್ಡು ಇದೆಯಾ ಅಂತ ಕೇಳಿದರು, ತೆರೆದು ನೋಡಲಿಲ್ಲ. ಭಾರತದಿಂದ ನೇರ ಬಂದವರನ್ನು ನೈರೋಬಿಯಲ್ಲೂ ಕೇಳುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಆ ರೋಗವೇ ಇಲ್ಲ. ಏಜೆಂಟರ ಧೈರ್ಯವೂ ಅದೇ. ಸಿಕ್ಕಿಬೀಳುವುದು ವಾಪಸ್ ಬರುವಾಗ. ಆರೋಗ್ಯ ಅಧಿಕಾರಿ ಪುಟ ತೆರೆದು ಸಾಲಿನ ಮೇಲೆ ಬೆರಳಾಡಿಸಿದರು. ಲಸಿಕೆಯ ಬ್ಯಾಚ್ ನಂಬರಿನ ಜಾಗ ಖಾಲಿ. ಸೀಲಿನಲ್ಲಿ ಬರೀ ಕ್ಲಿನಿಕ್ಕಿನ ಹೆಸರು. “ಇದು ಅಧಿಕೃತ ಕೇಂದ್ರ ಅಲ್ಲ ಮೇಡಂ, ನಡೆಯಲ್ಲ.” ಸಕ್ಕರೆ ಕಾಯಿಲೆ ಮಾತ್ರೆಗಳು ಚೆಕ್-ಇನ್ ಬ್ಯಾಗಿನಲ್ಲಿದ್ದವು, ಅದನ್ನು ಬೆಲ್ಟಿನಿಂದ ಎತ್ತಿಕೊಂಡು ಯಜಮಾನರು ಓಡಬೇಕಾಯಿತು.

ಅಧಿಕಾರಿಯನ್ನು ನಾನು ದೂರುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಯೆಲ್ಲೋ ಫೀವರನ್ನೂ ಹರಡುವುದು, ಆ ಸೊಳ್ಳೆ ನಮ್ಮ ಮನೆ ಹಿಂದಿನ ಡ್ರಮ್ಮಿನಲ್ಲೇ ಇದೆ. ಸೋಂಕು ತಗುಲಿದರೆ ಸಾಮಾನ್ಯವಾಗಿ 3ರಿಂದ 6 ದಿನದೊಳಗೆ ಲಕ್ಷಣ ಕಾಣುತ್ತದೆ, ಅದಕ್ಕೇ 6 ದಿನದವರೆಗಿನ ಕ್ವಾರಂಟೈನ್.

ಲಸಿಕೆ ಕೊಡುವ ಅಧಿಕೃತ ಕೇಂದ್ರಗಳ ಪಟ್ಟಿ ಕೇಂದ್ರ ಆರೋಗ್ಯ ಸಚಿವಾಲಯದ ಜಾಲತಾಣದಲ್ಲಿದೆ. ಒಂದೇ ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ 6 ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಅವರು ಕೊಟ್ಟ ದಿನಕ್ಕೇ ಹೋಗಬೇಕು, ಅಸಲಿ ಪಾಸ್‌ಪೋರ್ಟ್ ಒಯ್ಯಿರಿ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಕಾರ್ಡು ಚಾಲ್ತಿಗೆ ಬರುತ್ತದೆ. ಟಿಕೆಟ್ ತೆಗೆದ ದಿನವೇ ಅಪಾಯಿಂಟ್‌ಮೆಂಟ್‌ಗೆ ಪ್ರಯತ್ನಿಸಿ. ದಕ್ಷಿಣ ಆಫ್ರಿಕಾಕ್ಕೆ ಹೋಗುವವರು ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುವುದಿದ್ದರೆ ಅವರಿಗೂ ಈ ಮಾತು ಅನ್ವಯಿಸಬಹುದು, ಮೊದಲೇ ವಿಚಾರಿಸಿಕೊಳ್ಳಿ.

ಮಲೇರಿಯಾಕ್ಕೂ ಈ ಲಸಿಕೆಗೂ ಸಂಬಂಧವಿಲ್ಲ, ಅದರ ಮಾತ್ರೆ ಬೇರೆ, ವೈದ್ಯರನ್ನೇ ಕೇಳಿ. ಬಂದ ಮೇಲೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದೆ ಅಂತ ಮೊದಲೇ ಹೇಳಿ.

ಏಜೆಂಟ್ ಲಸಿಕೆಯ ದುಡ್ಡು ಮಾತ್ರ ವಾಪಸ್ ಕೊಟ್ಟ. ಪ್ಯಾಕೇಜಿನಲ್ಲಿ ವ್ಯಾಕ್ಸಿನ್ ಸೇರಿದೆ ಅಂತ ಈಗಲೂ ಜಾಹೀರಾತು ಹಾಕುತ್ತಿದ್ದಾನೆ. ನಿಮಗೂ ಯಾರಾದರೂ ಹಾಗೆ ಹೇಳಿದರೆ ಯಾವ ಕೇಂದ್ರ ಅಂತ ಹೆಸರು ಕೇಳಿ, ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂಗಡ ಕೊಡಬೇಡಿ.