ಪೆಟ್ಟಿಗೆಯಲ್ಲಿ ಬಂದ ಬೋರ್ಡೋ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ನಮ್ಮಂತಹ ಅಡಿಕೆ ತೋಟದವರಿಗೆ ಬೋರ್ಡೋ ಎಂದರೆ ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಕೊಳೆರೋಗಕ್ಕೆ ಸಿಂಪಡಿಸುವ ನೀಲಿ ದ್ರಾವಣವೇ ಹೊರತು ಬೇರೇನೂ ಅಲ್ಲ. ಆ ದ್ರಾವಣಕ್ಕೆ ಹೆಸರು ಬಂದದ್ದು ಫ್ರಾನ್ಸಿನ ದ್ರಾಕ್ಷಿ ಸೀಮೆಯಿಂದ ಎಂದೂ, 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿ ಬಳ್ಳಿಗಳ ರೋಗಕ್ಕಾಗಿಯೇ ಅದು ಬಳಕೆಗೆ ಬಂದಿತೆಂದೂ ತಿಳಿದಿದ್ದೆನಾದರೂ, ಆ ಸೀಮೆಯ ಹೆಸರು ಹೊತ್ತ ವೈನನ್ನು ಕೈಯಾರೆ ಮಾಡುವ ಸಂದರ್ಭ ನನಗೆ ಒದಗೀತೆಂದು ಎಣಿಸಿರಲಿಲ್ಲ. ಕೆನಡಾದ ಹ್ಯಾಮಿಲ್ಟನ್‌ನಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದಾಗ, ಅಳಿಯ ಅಂಗಡಿಯಿಂದ ‘ಬೋರ್ಡೋ ಶೈಲಿಯ ಮೆರ್ಲೋ’ (ಮೆರ್ಲೋ ಎಂದರೆ ಕೆಂಪು ವೈನಿನ ಒಂದು ದ್ರಾಕ್ಷಿ ತಳಿ) ಎಂಬ ಹಣೆಪಟ್ಟಿಯ, ಮನೆಯಲ್ಲೇ ವೈನ್ ಮಾಡುವ ಕಿಟ್‌ನ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟು, “ಮಾವ, ಹೇಗೂ ಹೊತ್ತು ಹೋಗುವುದಿಲ್ಲ ಎನ್ನುತ್ತಿದ್ದೀರಲ್ಲ” ಎಂದರು. ಊರಿಗೆ ಮರಳಿದ ಮೇಲೆ ಆ ಕಿಟ್ ಹೇಗಿತ್ತು, ಅದನ್ನು ಇಲ್ಲಿಗೂ ತರಿಸಿಕೊಳ್ಳಬಹುದೇ ಎಂದು ಕೇಳುವವರು ಹೆಚ್ಚಾದುದರಿಂದ ಈ ವಿಮರ್ಶೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ತರಿಸಿಕೊಳ್ಳಬೇಡಿ. ಒಂಟಾರಿಯೊ ಪ್ರಾಂತ್ಯದಲ್ಲಿ 19 ವರ್ಷ ತುಂಬಿದವರು ಸ್ವಂತ ಬಳಕೆಗಾಗಿ ಮನೆಯಲ್ಲಿ ವೈನ್ ಮಾಡುವುದಕ್ಕೆ ಅಡ್ಡಿಯಿಲ್ಲ. ಕೇರಳದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅದು ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ, ಮತ್ತು ಅದರ 55ನೆಯ ಕಲಮಿನಲ್ಲಿ 10 ವರ್ಷಗಳವರೆಗಿನ ಸೆರೆವಾಸವೂ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ಇವೆ. 2019ರ ಕ್ರಿಸ್ಮಸ್‌ಗೆ ಮುನ್ನ ಅಬಕಾರಿ ಇಲಾಖೆ ಮನೆಯ ವೈನಿನ ಬಗ್ಗೆಯೇ ಎಚ್ಚರಿಕೆ ಕೊಟ್ಟದ್ದು ಅನೇಕರಿಗೆ ನೆನಪಿರಬಹುದು. ‘ಮನೆಮಂದಿಗೆ ಮಾತ್ರ’ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಇದು ಮುಖ್ಯವಾಗಿ ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ ಮತ್ತು ಅವರ ಮನೆಗೆ ಹೋಗಿ ಬರುವ ನನ್ನಂತಹ ನಿವೃತ್ತರಿಗೆ ಉಪಯೋಗವಾಗುವ ಬರಹ.

ಪೆಟ್ಟಿಗೆಯಲ್ಲಿದ್ದ ಮುಖ್ಯ ವಸ್ತು ಗಟ್ಟಿಗೊಳಿಸಿದ ದ್ರಾಕ್ಷಿ ರಸದ ಒಂದು ದಪ್ಪ ಚೀಲ. ಅದಕ್ಕೆ ನೀರು ಬೆರೆಸಿ 23 ಲೀಟರ್ ಮಾಡಿಕೊಳ್ಳಬೇಕು. ಕೊನೆಗೆ ಮುಕ್ಕಾಲು ಲೀಟರಿನ 30 ಬಾಟಲಿ ವೈನ್ ಸಿಗುತ್ತದೆ. ಜೊತೆಗೆ 5 ಗ್ರಾಮಿನ ಯೀಸ್ಟ್ ಪೊಟ್ಟಣ, ಬೆಂಟೊನೈಟ್ ಎಂಬ ಜೇಡಿಯ ಪುಡಿ, ಓಕ್ ಮರದ ಚಕ್ಕೆ, ಕೆಡದಂತೆ ಕಾಯುವ ಸಲ್ಫೈಟ್ ಮತ್ತು ಸಾರ್ಬೇಟ್, ತಿಳಿಗೊಳಿಸುವ ಎರಡು ದ್ರವಗಳು ಇರಬೇಕು. ನಮ್ಮ ಪೆಟ್ಟಿಗೆಯಲ್ಲಿ ಆ ಎರಡು ದ್ರವಗಳಲ್ಲಿ ಒಂದು ಇರಲೇ ಇಲ್ಲ. ಅಂಗಡಿಯವರು ಮರುಮಾತಿಲ್ಲದೆ ಬೇರೆ ಕೊಟ್ಟರು ನಿಜ, ಆದರೆ ಆರನೆಯ ವಾರದಲ್ಲಿ ಬೇಕಾಗುವ ವಸ್ತು ಇಲ್ಲವೆಂಬುದು ಮೊದಲ ದಿನವೇ ಎಣಿಸಿ ನೋಡಿದ್ದರಿಂದ ಮಾತ್ರ ಗೊತ್ತಾಯಿತು. ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿಯೂ ಇಲ್ಲಿಯೇ ಇದೆ: ತಿಳಿಗೊಳಿಸುವ ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾದುದು; ಕೆಲವು ಕಿಟ್‌ಗಳಲ್ಲಿ ಅದರ ಬದಲು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥವಿರುತ್ತದೆ. ಪೆಟ್ಟಿಗೆಯ ಮೇಲಿನ ದ್ರಾಕ್ಷಿ ಗೊಂಚಲಿನ ಚಿತ್ರ ನೋಡಿ ಇದನ್ನು ಊಹಿಸುವುದು ಯಾರಿಂದಲೂ ಸಾಧ್ಯವಿಲ್ಲ.

ಕಿಟ್‌ಗೆ 90 ಡಾಲರ್ ಆಯಿತು. ಬಕೆಟ್, ಕಾರ್ಬಾಯ್ ಎನ್ನುವ ದೊಡ್ಡ ಗಾಜಿನ ಹೂಜಿ, ರಸ ಎಳೆಯುವ ನಳಿಗೆ, ಬಿರಡೆ ಒತ್ತುವ ಸಾಧನ ಇವುಗಳಿಗೆ ಬೇರೆಯೇ 120 ಡಾಲರ್. ಒಂದೇ ಸಲ ಮಾಡಿ ಬಿಡುವವರಿಗೆ ಇದು ಅಗ್ಗವಲ್ಲ. ಮೂರು ನಾಲ್ಕು ಸಲ ಮಾಡುವವರಿಗೆ ಲಾಭವೇ.

ಕೆಲಸದ ಮೊದಲ ಪಾಠ ಶುಚಿತ್ವ. ಮಾವಿನಮಿಡಿ ಉಪ್ಪಿನಕಾಯಿ ಹಾಕುವ ದಿನ ಭರಣಿಯನ್ನು ತೊಳೆದು, ಬಿಸಿಲಿಗಿಟ್ಟು, ಒದ್ದೆ ಸೌಟು ಹತ್ತಿರ ಸುಳಿಯದಂತೆ ನೋಡಿಕೊಳ್ಳುವ ಮನೆಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ; ವ್ಯತ್ಯಾಸವೆಂದರೆ ಬಿಸಿಲಿನ ಜಾಗದಲ್ಲಿ ಸಲ್ಫೈಟ್ ನೀರು. ಬಳಿಕ ಬೆಂಟೊನೈಟ್ ಕದಡಿ, ರಸ ಮತ್ತು ನೀರು ಸೇರಿಸಿ, ಮೇಲೆ ಯೀಸ್ಟ್ ಉದುರಿಸಿದೆವು. ಅದು ಇಸಿ-1118 ಎಂಬ ತಳಿ. ಬೇಕರಿಯ ಯೀಸ್ಟಿಗಿಂತ ಬಹಳ ಗಟ್ಟಿ ಜೀವ. ಮದ್ಯಾಂಶ ಶೇಕಡಾ 18ರ ತನಕ ಏರಿದರೂ ತಡೆದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ನೆಲಮಾಳಿಗೆಗೆ ಇಳಿದಾಗ, ಮುಚ್ಚಳದ ಮೇಲೆ ಕೂರಿಸಿದ್ದ ಏರ್‌ಲಾಕ್‌ನ ನೀರಿನಲ್ಲಿ ಗುಳುಗುಳು ಸದ್ದು ಶುರುವಾಗಿತ್ತು. ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು, ಹೊರಗಿನ ಗಾಳಿಯಾಗಲಿ ನೊಣವಾಗಲಿ ಒಳಬರಬಾರದು ಎಂಬ ಉದ್ದೇಶಕ್ಕೆ ಇಷ್ಟು ಸರಳವಾದ ಸಾಧನ ಇರುವುದು ನನಗೆ ತಿಳಿದಿರಲಿಲ್ಲ.

ಆದರೆ ಇಡೀ ಸರಂಜಾಮಿನಲ್ಲಿ ನನಗೆ ನಿಜವಾಗಿ ಬೆಲೆಬಾಳುವುದೆನಿಸಿದ್ದು ಹೈಡ್ರೋಮೀಟರ್. ಹಾಲಿನ ಸೊಸೈಟಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಸಿ ನೋಡುವುದನ್ನು ಕಂಡವರಿಗೆ ಅದರ ರೀತಿ ತಕ್ಷಣ ಅರ್ಥವಾಗುತ್ತದೆ. ರಸದಲ್ಲಿ ಸಕ್ಕರೆ ಹೆಚ್ಚಿದ್ದಷ್ಟು ಗಾಜಿನ ಕಡ್ಡಿ ಮೇಲೆ ತೇಲುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವಾಗಿಸಿದಂತೆ ಕೆಳಗಿಳಿಯುತ್ತದೆ. ನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡ ಅಳತೆಯಲ್ಲಿ ಮೊದಲ ದಿನ 1.085 ತೋರಿಸಿದ ಕಡ್ಡಿ ಮೂರನೆಯ ವಾರದ ಕೊನೆಗೆ 0.995ಕ್ಕೆ ಬಂದು ನಿಂತಿತು. ಈ ಎರಡು ಅಂಕಿಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಾಂಶ ಸಿಗುತ್ತದೆ: ಶೇಕಡಾ 12ಕ್ಕೆ ತುಸು ಕಡಿಮೆ. ಹಿಂದೆ ನಮ್ಮ ನೆರೆಯ ಬಾಯಮ್ಮ ಕ್ರಿಸ್ಮಸ್‌ಗೆಂದು ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕಿ 21 ದಿನ ಭರಣಿಯಲ್ಲಿಡುತ್ತಿದ್ದ ವೈನ್ ಒಂದು ವರ್ಷ ಪಾನಕದಂತೆ, ಇನ್ನೊಂದು ವರ್ಷ ಹುಳಿಯಾಗಿ ಇರುತ್ತಿದ್ದುದರ ಗುಟ್ಟು ನನಗೆ ಹೊಳೆದದ್ದು ಆಗಲೇ. ಅವರ ಕೈಗುಣದಲ್ಲಿ ದೋಷವಿರಲಿಲ್ಲ. ಸಕ್ಕರೆ ಎಷ್ಟು ಉಳಿದಿದೆಯೆಂದು ನೋಡುವ ಸಾಧನವಿರಲಿಲ್ಲ. ಹೈಡ್ರೋಮೀಟರ್ ಇಲ್ಲದೆ, ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಿ ಬಿರಡೆ ಬಡಿದರೆ, ಉಳಿದ ಸಕ್ಕರೆ ಮತ್ತೆ ಹುದುಗಿ ಬಾಟಲಿ ಒಡೆಯುವ ಅಪಾಯವೂ ಉಂಟು.

ಮುಂದಿನ ಹಂತದಲ್ಲಿ ನಾವು ಎಡವಿದೆವು. ರಸವನ್ನು ಕಾರ್ಬಾಯ್‌ಗೆ ವರ್ಗಾಯಿಸುವಾಗ ನಳಿಗೆಯನ್ನು ತಳಕ್ಕೆ ಮುಟ್ಟಿಸಿದ್ದರಿಂದ ಗಷ್ಟು ಕದಡಿ ಮೇಲೆದ್ದಿತು. ಅದನ್ನು ಬಿಟ್ಟು ಎಳೆದುಕೊಂಡಾಗ ಹೂಜಿಯ ಕುತ್ತಿಗೆಯ ತನಕ ವೈನ್ ತುಂಬಲಿಲ್ಲ. ಖಾಲಿ ಜಾಗ ಬಿಟ್ಟರೆ ಗಾಳಿ ತಾಗಿ ವೈನ್ ಕೆಡುತ್ತದೆಂದು ಕೈಪಿಡಿ ಹೇಳುತ್ತದೆ, ಸರಿ. ಆದರೆ ಆ ಜಾಗಕ್ಕೆ ನೀರು ತುಂಬಲು ಅದು ಕೊಡುವ ಅನುಮತಿ ನನಗೆ ಒಪ್ಪಿಗೆಯಾಗಲಿಲ್ಲ. ನಾವು ಒಂದೂವರೆ ಲೀಟರ್ ನೀರು ಸುರಿದೆವು, ಮತ್ತು ಆ ನೀರನ್ನು ಕೊನೆಯ ಬಾಟಲಿಯ ತನಕ ಕುಡಿದೆವು. ಅಂಗಡಿಯ ಅಗ್ಗದ ಮೆರ್ಲೋ ಎರಡು ಬಾಟಲಿ ಸುರಿದಿದ್ದರೆ ಚೆನ್ನಾಗಿತ್ತು. ಕರಗಿದ ಅನಿಲವನ್ನು ಕಲಕಿ ಹೊರಹಾಕುವ ಕೆಲಸಕ್ಕೂ ಕೈಪಿಡಿ ಕೆಲವೇ ನಿಮಿಷ ಸಾಕೆನ್ನುತ್ತದೆ. ಮಜ್ಜಿಗೆ ಕಡೆದು ಅಭ್ಯಾಸವಿರುವ ನನ್ನ ಕೈಗೂ ಎರಡು ದಿನ ಹಿಡಿಯಿತು.

ಒಟ್ಟು ಎಂಟು ವಾರಗಳ ನಂತರ ಬಾಟಲಿ ತುಂಬಿದೆವು. ಆಗಲೇ ರುಚಿ ನೋಡಿದಾಗ ಒಗರೂ ಯೀಸ್ಟಿನ ವಾಸನೆಯೂ ಮುಂದಿದ್ದವು. ಊರಿಗೆ ಹೊರಡುವ ವಾರ, ಅಂದರೆ ಮೂರು ತಿಂಗಳ ಬಳಿಕ, ತೆರೆದ ಬಾಟಲಿ ಎಷ್ಟೋ ಮೃದುವಾಗಿತ್ತು. ಬಣ್ಣ ಚೆನ್ನ, ಪರಿಮಳ ಸಾಧಾರಣ, ಮೈ ತೆಳು. ಕೆಂಪು ವೈನಿಗೆ ಗಟ್ಟಿತನ ಬರುವುದು ಸಿಪ್ಪೆ ಮತ್ತು ಬೀಜಗಳೊಡನೆ ಹುದುಗಿದಾಗ. ಇಲ್ಲಿ ಬಂದಿರುವುದು ಬರಿಯ ರಸ. ಓಕ್ ಚಕ್ಕೆ ಆ ಕೊರತೆಯನ್ನು ಮರೆಸಲು ಯತ್ನಿಸುತ್ತದೆ, ನೀಗಿಸುವುದಿಲ್ಲ. ಈ ಕಾರಣದಿಂದ, ಮೊದಲ ಸಲ ಮಾಡುವವರಿಗೆ ಕೆಂಪಿಗಿಂತ ಬಿಳಿ ವೈನಿನ ಕಿಟ್ ಮೇಲೆಂದು ಸೂಚಿಸುತ್ತೇನೆ. ಬಿಳಿಯದಕ್ಕೆ ಸಿಪ್ಪೆಯ ಹಂಗಿಲ್ಲ. ಕೆಂಪೇ ಬೇಕೆನ್ನುವವರು ಹೆಚ್ಚು ಬೆಲೆಯ, ದ್ರಾಕ್ಷಿ ಸಿಪ್ಪೆಯ ಪೊಟ್ಟಣವೂ ಇರುವ ಕಿಟ್ ಕೊಳ್ಳಲಿ. ಮನೆಯಲ್ಲಿ ಮಾಡಿದ್ದು ಕುಡಿದರೆ ಕಣ್ಣು ಹೋದೀತೇ ಎಂದು ಇಲ್ಲಿ ಒಬ್ಬರು ಕೇಳಿದರು. ಕಣ್ಣು ತೆಗೆಯುವ ಮಿಥೈಲ್ ಮದ್ಯಸಾರ ಕಳ್ಳಭಟ್ಟಿಗೆ ಬೆರೆಸಿದ ವಿಷ. ದ್ರಾಕ್ಷಿ ರಸ ಹುದುಗುವಾಗ ಅದು ಹುಟ್ಟುವ ಪ್ರಮಾಣ ಅತ್ಯಲ್ಪ.

ಕಾನೂನು ಸಡಿಲವಿದ್ದರೂ ಇದೇ ಕಿಟ್ ನಮ್ಮ ಊರಿಗೆ ಹೊಂದುತ್ತಿರಲಿಲ್ಲ. ಅದು ಕೇಳುವುದು 20ರಿಂದ 25 ಡಿಗ್ರಿ ಸೆಲ್ಸಿಯಸ್; ಹ್ಯಾಮಿಲ್ಟನ್‌ನ ನೆಲಮಾಳಿಗೆಯಲ್ಲಿ ಅದು ತಾನಾಗಿ ಸಿಗುತ್ತಿತ್ತು. ಕಾಸರಗೋಡಿನ ಎಪ್ರಿಲ್ ತಿಂಗಳಲ್ಲಿ ಹಂಚಿನ ಮನೆಯ ಒಳಗೂ 30 ದಾಟುತ್ತದೆ, ಆ ಬಿಸಿಯಲ್ಲಿ ಯೀಸ್ಟ್ ಅವಸರಪಟ್ಟು ದ್ರಾಕ್ಷಿಯ ನಯವಾದ ಪರಿಮಳವನ್ನೆಲ್ಲ ಗುಳ್ಳೆಗಳ ಜೊತೆ ಹೊರಕ್ಕೆ ಕಳಿಸುತ್ತದೆ. ಅದೂ ಅಲ್ಲದೆ, ಎಪ್ರಿಲ್‌ನಲ್ಲಿ ನಮ್ಮ ಗುಡ್ಡಗಳ ತುಂಬ ಗೇರುಹಣ್ಣು ಕೊಳೆಯುತ್ತಿರುವಾಗ ದ್ರಾಕ್ಷಿ ರಸವನ್ನು ಸಮುದ್ರದಾಚೆಯಿಂದ ತರಿಸುವುದು ವಿಚಿತ್ರವಾಗಿ ಕಾಣುತ್ತದೆ. ಇಲ್ಲಿನ ಹಣ್ಣುಗಳಿಂದ ಕಡಿಮೆ ಮದ್ಯಾಂಶದ ವೈನ್ ತಯಾರಿಸುವ ಸಣ್ಣ ಘಟಕಗಳಿಗೆ ಪರವಾನಗಿ ಕೊಡುವ ನಿಯಮಗಳನ್ನು ಕೇರಳ ಸರ್ಕಾರ 2022ರಲ್ಲಿ ತಂದಿದೆ. ಸಂಘ ಕಟ್ಟಿಕೊಂಡು ಆ ದಾರಿ ಹಿಡಿಯಬಯಸುವ ಕೃಷಿಕರು ಕಿಟ್‌ನ ರಸವನ್ನು ಮರೆತು ಅದರ ಕ್ರಮವನ್ನು ಮಾತ್ರ ಕಲಿಯಬಹುದು.

ನಾನು ಅಲ್ಲಿಂದ ತಂದದ್ದು ಹೈಡ್ರೋಮೀಟರ್ ಒಂದನ್ನೇ, ಬಟ್ಟೆಗಳ ನಡುವೆ ಸುತ್ತಿಟ್ಟು. ಈ ಸಲ ಗೇರುಹಣ್ಣಿನ ರಸ ಹಿಂಡಿದಾಗ ತೇಲಿಸಿ ನೋಡಿದೆ: 1.045 ಇತ್ತು. ಹುದುಗಿಸಿದರೆ ಶೇಕಡಾ 6ರಷ್ಟು ಮದ್ಯಾಂಶಕ್ಕೆ ಮಾತ್ರ ಸಾಕಾಗುವ ಸಕ್ಕರೆ. ಬಳಿಕ ಅದೇ ರಸಕ್ಕೆ ಸಾಬಕ್ಕಿಯ ಗಂಜಿ ಬೆರೆಸಿ ಇಟ್ಟೆವು. ಗಂಟಲು ಹಿಡಿಯುವ ಒಗರು ಗಷ್ಟಾಗಿ ತಳ ಸೇರಿತು, ಆ ಪೆಟ್ಟಿಗೆಯ ಸಿಗಡಿ ಚಿಪ್ಪಿನ ದ್ರವ ಮಾಡುತ್ತಿದ್ದ ಹಾಗೆಯೇ. ಮೇಲಿನ ತಿಳಿಗೆ ಸಕ್ಕರೆ, ನಿಂಬೆರಸ ಹಾಕಿ ಅಂದೇ ಮಧ್ಯಾಹ್ನ ಶರಬತ್ತು ಮಾಡಿ ಕುಡಿದೆವು.