ಹಿಂದಿನಿಂದ ತಳ್ಳೋ ಟ್ರೇಲರ್, ಏಳು ತಿಂಗಳು ಓಡಿಸಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಸೈಕಲ್ಲಿಗೆ ಮೋಟರ್ ಕೂರಿಸೋ ಕಿಟ್ ಅಲ್ಲ. ಸೈಕಲ್ ಇದ್ದ ಹಾಗೇ ಇರತ್ತೆ, ಹಿಂದೆ ಕಟ್ಟೋ ಸಾಮಾನಿನ ಟ್ರೇಲರ್‌ನಲ್ಲೇ ಮೋಟರ್ರು ಬ್ಯಾಟರಿ ಮೋಟರಿಗೆ ಕರೆಂಟ್ ಹದ ಮಾಡಿ ಕೊಡೋ ಕಂಟ್ರೋಲರ್ ಎಲ್ಲಾ ಇರೋದು, ಹ್ಯಾಂಡಲ್‌ಗೆ ಹೆಬ್ಬೆರಳಲ್ಲಿ ಒತ್ತಿ ಮೋಟರ್ ಓಡಿಸೋ ಒಂದು ಥ್ರಾಟಲ್ ಮಾತ್ರ ಬರತ್ತೆ. ಎತ್ತು ಗಾಡಿ ಎಳೆಯೋದು ನೋಡಿದೀನಿ, ಗಾಡಿನೇ ಎತ್ತನ್ನ ದಬ್ಬೋದು ಇದೇ ಮೊದ್ಲು ಅಂತ ನಮ್ಮಣ್ಣ ನಕ್ಕಿದ್ದ.

ನನ್ನದು ಎರಡು ಚಕ್ರದ್ದು, ಬಲಗಡೆ ಚಕ್ರದಲ್ಲಿ 250 ವಾಟಿನ ಹಬ್ ಮೋಟರ್ (ಚಕ್ರದ ನಡುವೇನೇ ಕೂರೋ ಮೋಟರ್), 36 ವೋಲ್ಟ್ 13 ಆಂಪಿಯರ್ ಅವರ್ ಬ್ಯಾಟರಿ, ಅಂದ್ರೆ 468 ವಾಟ್ ಅವರ್. ಖಾಲಿ ಟ್ರೇಲರೇ 22 ಕೆಜಿ ತೂಗತ್ತೆ, ಮೆಟ್ಟಿಲು ಹತ್ತಿಸೋರು ಇದನ್ನ ಮೊದ್ಲೇ ಯೋಚ್ನೆ ಮಾಡಿ.

ತಗೊಂಡಿದ್ದು ಒಂದೇ ಒಂದು ಏರಿಗೋಸ್ಕರ. 20 ಲೀಟರಿನ ಎರಡು ನೀರಿನ ಕ್ಯಾನ್ ಹಾಕಿದ್ರೆ ನಾನು, ಸೈಕಲ್ಲು, ಟ್ರೇಲರ್ರು ಎಲ್ಲಾ ಸೇರಿ 150 ಕೆಜಿ ಹತ್ರ ಆಗತ್ತೆ. ನೂರು ಮೀಟರ್ ಹೋದ್ರೆ ಐದು ಮೀಟರ್ ಏರೋ ರಸ್ತೇಲಿ ಗಂಟೆಗೆ 12 ಕಿಮೀ ಸ್ಪೀಡಲ್ಲಿ ಇಷ್ಟು ತೂಕ ಹತ್ತಿಸೋಕೇ ಸುಮಾರು 245 ವಾಟ್ ಬೇಕು, ಟೈರಿನ ಎಳೆತ ಬೇರೆ. ನನ್ನಂಥೋರ ಕಾಲಲ್ಲಿ ತುಂಬಾ ಹೊತ್ತು ಬರೋದು ನೂರು, ನೂರೈವತ್ತು ವಾಟ್ ಅಷ್ಟೇ, ಹಾಗಾಗಿ ಮುಂಚೆ ಅರ್ಧ ದಾರೀಲಿ ಇಳಿದು ತಳ್ತಿದ್ದೆ. ಈಗ ಸಣ್ಣ ಗೇರಲ್ಲಿ ತುಳೀತಾ ಸ್ವಲ್ಪ ಥ್ರಾಟಲ್ ಕೊಟ್ರೆ ಯಾರೋ ಸೀಟಿನ ಹಿಂದೆ ಕೈ ಇಟ್ಟು ನೂಕಿದ ಹಾಗೆ ಹತ್ತತ್ತೆ. ಈ ವಿಷಯದಲ್ಲಿ ಒಂದು ಮಾತೂ ಕಮ್ಮಿ ಹೇಳಲ್ಲ.

ಆದ್ರೆ ತಳ್ಳೋದಕ್ಕೂ ಎಳೆಯೋದಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಗೊತ್ತಾಗಿದ್ದು ಬಿದ್ದಮೇಲೆ. ಎರಡನೇ ವಾರ, ಮಳೆ ನಿಂತು ರಸ್ತೆ ಇನ್ನೂ ಒದ್ದೆ, ಬಿಗಿ ತಿರುವಲ್ಲಿ ತಿರುಗ್ತಾ ತಿರುಗ್ತಾನೇ ಥ್ರಾಟಲ್ ಒತ್ತಿದೆ, ಸೈಕಲ್ಲಿನ ಹಿಂದಿನ ಚಕ್ರ ಪಕ್ಕಕ್ಕೆ ಸರ್ರಂತ ಹೋಯ್ತು, ಮೊಣಕೈ ತರಚಿಕೊಂಡು ಕೂತೆ. ನೇರ ಇದ್ದಾಗ ತಳ್ಳಿದ್ದೆಲ್ಲ ಮುಂದಕ್ಕೇ ಹೋಗತ್ತೆ, ಟ್ರೇಲರ್ ಓರೆಯಾಗಿದ್ದಾಗ ಅದರಲ್ಲಿ ಒಂದು ಪಾಲು ಸೈಕಲ್ಲಿನ ಬಾಲವನ್ನ ಪಕ್ಕಕ್ಕೆ ದಬ್ಬತ್ತೆ. ಈಗ ತಿರುವು ಮುಗಿದು ಟ್ರೇಲರ್ ನೇರ ಆಗೋವರೆಗೂ ಹೆಬ್ಬೆರಳು ಎತ್ತೇ ಇರತ್ತೆ, ಜಲ್ಲಿ ರಸ್ತೇಲಂತೂ ಇನ್ನೂ ಹುಷಾರು.

ಖಾಲಿ ಓಡಿಸಿದ್ರೆ ಮೋಟರ್ ಚಕ್ರಕ್ಕೆ ಹಿಡಿತ ಸಾಲದೆ ಜಾರತ್ತೆ. ಅದಕ್ಕೇ ಬ್ಯಾಟರಿ ಬಾಕ್ಸನ್ನ ಎತ್ತಿ ಬಲಗಡೆ ಚಕ್ರದ ಪಕ್ಕಕ್ಕೆ ಹಾಕಿದೆ, ಸುಮಾರು ಸರಿಹೋಯ್ತು.

ಕೊಟ್ಟಿದ್ದ ಹಿಚ್, ಅಂದ್ರೆ ಟ್ರೇಲರನ್ನ ಸೈಕಲ್ಲಿಗೆ ಸೇರಿಸೋ ಕೊಂಡಿ, ಸ್ಪ್ರಿಂಗಿನದು. ಬರೀ ಎಳೆಯೋ ಟ್ರೇಲರಿಗೆ ಅದು ಚೆನ್ನಾಗೇ ಇರಬಹುದು, ಇಲ್ಲಿ ಥ್ರಾಟಲ್ ಒತ್ತಿದಾಗ ಒಂದು ಟಕ್, ಬಿಟ್ಟಾಗ ಇನ್ನೊಂದು ಟಕ್, ಬೆನ್ನಿಗೆ ಗುದ್ದಿದ ಹಾಗೆ. ಸಡಿಲ ಇಲ್ಲದ ಬಾಲ್ ಜಾಯಿಂಟ್ ಹಾಕಿಸಿದ ಮೇಲೆ ಆ ಗುದ್ದು ಹೋಯ್ತು. ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಬ್ರೇಕ್ ವಿಷಯಕ್ಕೆ. ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇಲ್ಲ, 60 ಕೆಜಿ ಹಿಂದಿನಿಂದ ಬಂದು ಒತ್ತತ್ತೆ, ಬ್ರೇಕ್ ಹಿಡಿದ ತಕ್ಷಣ ಮೋಟರ್ ಆಫ್ ಆಗೋ ಕಟ್‌ಆಫ್ ಸ್ವಿಚ್ಚಾದ್ರೂ ಕೊಡ್ಬೇಕಲ್ವಾ? ಮಾರಿದವರನ್ನ ಕೇಳಿದ್ರೆ "ಥ್ರಾಟಲ್ ಬಿಟ್ರೆ ಸಾಕು ಸಾರ್" ಅಂದ್ರು. ಸರಿ, ನಾಯಿ ಅಡ್ಡ ಬಂದಾಗ ಕೈಗೆ ಅದು ನೆನಪಾಗ್ಬೇಕಲ್ಲ! ಕಂಟ್ರೋಲರಲ್ಲಿ ಅದಕ್ಕೆ ವೈರು ಸುಮ್ನೆ ನೇತಾಡ್ತಿತ್ತು, ನಾನೇ ಲಿವರಿಗೆ ಸ್ವಿಚ್ ಹಾಕಿಸಿದೆ.

ಸೈಕಲ್ಲಿಗೂ ಟ್ರೇಲರಿಗೂ ನಡುವೆ ಬರೋ ವೈರನ್ನ ಒಂದು ಗೇಣು ಸಡಿಲ ಬಿಡಿ. ನಾನು ಅಂದವಾಗಿರ್ಲಿ ಅಂತ ಬಿಗಿಯಾಗಿ ಕಟ್ಟಿದ್ದೆ, ಏರಿನ ಮಧ್ಯೆ ಯೂ ಟರ್ನ್ ಮಾಡ್ದಾಗ ಪ್ಲಗ್ ಕಿತ್ತು ಬಂತು, ಮೋಟರ್ ಸತ್ತುಹೋಯ್ತು ಅಂತ ಹತ್ತು ನಿಮಿಷ ಬ್ಯಾಟರಿ ಬಿಚ್ಚಿ ನೋಡ್ತಾ ಕೂತಿದ್ದೆ.

ಲೋಡ್ ಹಾಕ್ಕೊಂಡು ನಾನೂ ತುಳಿದ್ರೆ 30 ಕಿಮೀ ಬರತ್ತೆ, ತುಳೀದೇ ಕೂತ್ರೆ ಅಷ್ಟಿಲ್ಲ. ಇದರ ಮೋಟರ್ ಒಳಗೆ ಗೇರು, ಒಂದೇ ದಿಕ್ಕಿಗೆ ಹಿಡಿಯೋ ಫ್ರೀವೀಲ್ ಇರೋದ್ರಿಂದ ಆಫ್ ಮಾಡಿದ್ರೂ ಚಕ್ರ ಆರಾಮಾಗಿ ಉರುಳತ್ತೆ, ಆದ್ರೆ ಆಗ ಮೋಟರ್ ತಿರುಗಲ್ಲ, ಹಾಗಾಗಿ ಇಳಿಜಾರಲ್ಲಿ ಬ್ಯಾಟರಿಗೆ ಚಾರ್ಜ್ ವಾಪಸ್ ಬರತ್ತೆ ಅಂತ ಕಾಯ್ಬೇಡಿ. ಪಂಕ್ಚರ್ ಆದ್ರೆ ಸ್ಪ್ಯಾನರ್ ಬೇಕೇ ಬೇಕು, ವಾಪಸ್ ಹಾಕುವಾಗ ಆಕ್ಸಲ್ ತಿರುಗದ ಹಾಗೆ ಹಿಡಿಯೋ ಪಟ್ಟೀನ ಮರೀಬೇಡಿ, ಅದು ಇಲ್ದಿದ್ರೆ ಆಕ್ಸಲ್ಲೇ ತಿರುಗಿ ವೈರು ತಿರುಚಿ ಕಿತ್ಕೊಂಡು ಹೋಗತ್ತೆ.

ಬರೀ ಸ್ಪೀಡ್ ಬೇಕು ಅನ್ನೋರು ಸೈಕಲ್ಲಿಗೇ ಮೋಟರ್ ಹಾಕಿಸ್ಕೊಳ್ಳಿ, ಇದರ ಸಹವಾಸ ಬೇಡ. ವಾರಕ್ಕೆ ಎರಡು ಮೂರು ಸಲ ಭಾರ ಹೊರೋರಿಗೆ, ಮಿಕ್ಕ ದಿನ ಹಗುರ ಸೈಕಲ್ಲೇ ಇಷ್ಟ ಅನ್ನೋರಿಗೆ ಮಾತ್ರ ಇದು, ಪಿನ್ನು ಕಿತ್ತು ಪ್ಲಗ್ ಎಳೆದ್ರೆ ಮುಗೀತು. ನನ್ನದರಲ್ಲಿ ಬಲಗಡೆ ಟೈರು ಆಗ್ಲೇ ಬೋಳಾಗಿದೆ, ಎಡಗಡೇದು ಇನ್ನೂ ಹೊಸದರ ಹಾಗಿದೆ. ಮುಂದಿನ ವಾರ ಒಂದೇ ಟೈರ್ ಬದಲಾಯಿಸ್ಬೇಕು.